ಗಣನೀಯವಾಗಿ ಸ್ವಲ್ಪ ಹೊಸದು

ಕಂಪನಿಯ ಮೇಜು ಕಂಪ್ಯೂಟರಿನ ಈ ವರ್ಷದ ಮಾದರಿಯಲ್ಲಿ ಮೂರು ಸುಧಾರಣೆಗಳಾಗಿವೆ ಎಂದು ತಿಂಗಳ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಧಿಕೃತವಾಗಿ ಪ್ರಕಟಿಸಲಾಯಿತು. ಹಿಂಬದಿಯ ವೈರು ಸಿಕ್ಕಿಸುವ ಕಿಂಡಿಯನ್ನು ಅರ್ಧ ಬೆರಳಿನಷ್ಟು ಎಡಕ್ಕೆ ಸರಿಸಲಾಗಿತ್ತು. ತಿಳಿ ಬೂದು ಬಣ್ಣವಿದ್ದದ್ದು ಬೂದು ಮಿಶ್ರಿತ ತಿಳಿ ಬಣ್ಣವಾಗಿತ್ತು. ಮೂರನೆಯದಾಗಿ, ವೇಗ ಗಣನೀಯವಾಗಿ ಸ್ವಲ್ಪ ಹೆಚ್ಚಿತ್ತು. 'ಗಣನೀಯವಾಗಿ' ಎಂದು ಬರೆಯಬೇಕೆಂದು ಮಾರಾಟ ವಿಭಾಗದವರು, 'ಸ್ವಲ್ಪ' ಎಂದು ಬರೆಯಬೇಕೆಂದು ಕಾನೂನು ವಿಭಾಗದವರು ಹಟ ಹಿಡಿದು ಕೂತದ್ದರಿಂದ, ಮೂರು ಸಭೆಗಳ ನಂತರ ಎರಡನ್ನೂ ಇಟ್ಟುಕೊಂಡರು.

ಪ್ರಕಟಣೆ ಹೊರಬಿದ್ದ ಮೇಲೆ ಗ್ರಾಹಕರಿಗೆ ಸಂತೋಷವಾಗಬೇಕಾದ್ದು ಕ್ರಮ. ಆಯಿತೋ ಇಲ್ಲವೋ ನೋಡುವುದಕ್ಕೆ ಎರಡನೇ ಮಹಡಿಯಲ್ಲಿ ಗ್ರಾಹಕ ಪ್ರತಿಕ್ರಿಯಾ ವಿಭಾಗವಿದೆ. ಕಂಪ್ಯೂಟರ್ ಮಾಡುವ ಕಂಪನಿಯಾದರೂ ಈ ವಿಭಾಗದ ಕೆಲಸವೆಲ್ಲ ಕಾಗದದಲ್ಲೇ. ಕಂಪ್ಯೂಟರಿಗೆ ಹಾಕಿದರೆ ಯಾರಾದರೂ ನಿಜವಾಗಿ ಲೆಕ್ಕ ಹಾಕಿಬಿಟ್ಟಾರು ಎಂದು ಹಿಂದಿನ ಮ್ಯಾನೇಜರಿಗೆ ಅನುಮಾನವಿತ್ತಂತೆ. ಯಂತ್ರ ಕೊಂಡವರು ಒಂದು ವಾರದೊಳಗೆ ಪ್ರತಿಕ್ರಿಯಾ ನಮೂನೆ ತುಂಬಿ ಕಳಿಸಬೇಕು, ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ನಮೂನೆಯಲ್ಲಿ ಮೂರು ಚೌಕಗಳು: ಸಂತೋಷ, ಬಹಳ ಸಂತೋಷ, ಮಾತು ಹೊರಡದಷ್ಟು ಸಂತೋಷ. ಯಾವುದಕ್ಕೂ ಗುರುತು ಹಾಕದೆ ಖಾಲಿ ಬಿಟ್ಟವರಿಗೆ ಮಾತು ಹೊರಟಿಲ್ಲವೆಂಬುದು ಸ್ಪಷ್ಟವಾದ್ದರಿಂದ ಅವರನ್ನು ಮೂರನೆಯದಕ್ಕೆ ಸೇರಿಸಬೇಕೆಂಬ ನಿಯಮವಿದೆ. ಪ್ರತಿವರ್ಷ ಮೂರನೆಯ ಟ್ರೇ ತುಂಬಿ ಕೆಳಗೆ ಸುರಿಯುತ್ತದೆ. ದೂರುಗಳಿಗೂ ಒಂದು ಟ್ರೇ ಇತ್ತು. ಈಗಿನ ಮ್ಯಾನೇಜರು ಅದರಲ್ಲಿ ಊಟದ ಡಬ್ಬಿ ಇಟ್ಟುಕೊಳ್ಳುತ್ತಾರೆ.

ಈ ಟ್ರೇಗಳ ಹಿಂದೆ ಕೂತಿರುವವನು ವಿಂಗಡಣೆ ಗುಮಾಸ್ತ. ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರನಾಗಿದ್ದುದರಿಂದ ವಿಭಾಗದವರೆಲ್ಲ ಅವನನ್ನು ಪ್ರೀತಿಯಿಂದ 'ಖಾಯಂ' ಎಂದು ಕರೆಯುತ್ತಿದ್ದರು. ಕಚೇರಿಯ ಹದಿನಾಲ್ಕನೇ ನಿಯಮದ ಪ್ರಕಾರ ತಾತ್ಕಾಲಿಕ ನೌಕರರು ಒರಗುವಂತಿಲ್ಲ. ಒರಗಿದವನು ನೆಲೆಯೂರುತ್ತಾನೆ, ನೆಲೆಯೂರಿದವನು ಹಕ್ಕು ಕೇಳುತ್ತಾನೆ ಎಂದು ನಿಯಮದ ಕೆಳಗೆ ಸಣ್ಣಕ್ಷರದ ವಿವರಣೆಯೂ ಇದೆ. ಆದ್ದರಿಂದ ಅವನದು ಕುರ್ಚಿಯಲ್ಲ, ಬೆನ್ನಿಲ್ಲದ ಸ್ಟೂಲು. ಅದರ ಅಂಚಿನಲ್ಲಿ ಮೊದಲ ವರ್ಷ ಪೆನ್ಸಿಲ್ ಚೂಪು ಮಾಡುವಾಗ ಬ್ಲೇಡು ಜಾರಿ ಮೂಡಿದ ಒಂದು ಗೀರಿತ್ತು. ಹನ್ನೊಂದು ವರ್ಷ ಬಗ್ಗಿ ಕೂತು ಕೂತು ಪಾಪದವನ ಬೆನ್ನು ಅರ್ಧಚಂದ್ರವಾಗಿ, ಈಗ ಮಲಗಿದರೂ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಹೆಂಡತಿ ದಿನಾ ಸಂಜೆ ಬಿಸಿನೀರಿನ ಬಟ್ಟೆ ಇಟ್ಟು ನೀವುತ್ತಾ, ಕಂಪನಿಯ ಮೇಲಿನವರಿಗೆಲ್ಲ ಹೆಸರು ಹಿಡಿಯದೆ ಶಾಪ ಹಾಕುತ್ತಿದ್ದಳು.

ಈ ವರ್ಷ ಮ್ಯಾನೇಜರು ಅವನನ್ನು ಒಳಗೆ ಕರೆದು, ವರದಿಯಲ್ಲಿ ನೂರಕ್ಕೆ ನೂರು ಸಂತೋಷ ಬಂದರೆ ಖಾಯಂ ಆದೇಶಕ್ಕೆ ಅವತ್ತೇ ಸಹಿ, ಜೊತೆಗೆ ಒರಗುವ ಕುರ್ಚಿ ಎಂದು ಹೇಳಿದರು. ಒಂದೇ ಒಂದು ದೂರು ಉಳಿದರೂ ವಿಷಯವನ್ನು ಮುಂದಿನ ವರ್ಷಕ್ಕೆ ನೋಡೋಣ ಎಂದೂ ಹೇಳಿದರು. ಹನ್ನೊಂದು ವರ್ಷದಲ್ಲಿ 'ಮುಂದಿನ ವರ್ಷ ನೋಡೋಣ' ಎನ್ನುವುದನ್ನು ಅವನು ಹನ್ನೊಂದು ಸಲ ಕೇಳಿದ್ದ.

ನಮೂನೆಗಳು ಮೂಟೆಗಟ್ಟಲೆ ಬಂದವು. ಹೊಸ ಯಂತ್ರದ ವೇಗಕ್ಕೆ ತಮ್ಮ ಬೆರಳು ಸಾಲುತ್ತಿಲ್ಲ ಎಂದು ಒಬ್ಬ ವಕೀಲರು ಬರೆದಿದ್ದರು. ಕಿಂಡಿ ಎಡಕ್ಕೆ ಸರಿದ ಮೇಲೆ ತನ್ನ ಭುಜದ ನೋವು ಹೋಯಿತೆಂದು ಒಬ್ಬ ದರ್ಜಿ ಬರೆದಿದ್ದ. ಹೊಸ ಬಣ್ಣ ಬಂದಮೇಲೆ ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಕೂರುತ್ತಿದ್ದಾರೆ ಎಂದು ಒಬ್ಬ ಗೃಹಸ್ಥರು ನಾಲ್ಕು ಪುಟ ಬರೆದು ಕಣ್ಣೀರು ಹಾಕಿದ್ದರು. ಮೂಗು ಮುರಿಯುವವರೂ ಇರಬೇಕಲ್ಲ? ನಲವತ್ತೊಂದು ಮಂದಿ, ಹಳೆಯದರ ಮುಂದೆ ಇದು ಏನೂ ಅಲ್ಲ, ಈ ಬಣ್ಣ ಕಣ್ಣು ಚುಚ್ಚುತ್ತದೆ, ಹಳೆಯದನ್ನೇ ಕೊಡಿ ಎಂದು ಕೂಗಾಡಿದರು. ಕಂಪನಿ ಅವರಿಗೆ ಮರುಮಾತಿಲ್ಲದೆ ಹಳೆಯ ಪೆಟ್ಟಿಗೆಯಲ್ಲಿ ಹಳೆಯ ಮಾದರಿ ಕಳಿಸಿತು. ಆಹಾ, ಇದಪ್ಪಾ ಯಂತ್ರ ಅಂದರೆ ಎಂದು ನಲವತ್ತೊಂದು ಮಂದಿಯೂ 'ಬಹಳ ಸಂತೋಷ'ಕ್ಕೆ ಗುರುತು ಹಾಕಿದರು.

ಎಲ್ಲ ಸುಸೂತ್ರವಾಗಿ ನಡೆದಿತ್ತು. ನಾಲ್ಕು ಸಾವಿರದ ನೂರಾ ಹದಿನಾರನೇ ನಮೂನೆ ಕೈಗೆ ಬಂದಾಗ ಗುಮಾಸ್ತ ಅದನ್ನು ಟ್ರೇಗೆ ಹಾಕಲು ಹೋಗಿ ಹಿಂದಕ್ಕೆ ಎಳೆದುಕೊಂಡ. ಮೂರು ಚೌಕಗಳೂ ಖಾಲಿ. ಆದರೆ ಅಂಚಿನಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಬಿಚ್ಚಿ ನೋಡಿದೆ. ಹೋದ ವರ್ಷದ್ದೇ ಯಂತ್ರ. ಕಿಂಡಿ ಇದ್ದಲ್ಲೇ ಇದೆ. ಒಳಗಿನ ಧೂಳು ಕೂಡ ಹೋದ ವರ್ಷದ್ದೇ.' ಚೌಕ ಖಾಲಿ ಬಿಟ್ಟು ಅಂಚಿನಲ್ಲಿ ಒಂದಕ್ಷರ ಬರೆದರೂ ಅದು ಖಾಲಿ ನಮೂನೆಯಲ್ಲ, ದೂರು. ಇಷ್ಟಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದ. ಆ ಅಕ್ಷರ ಅವನ ಮಾವನದು.

ಮಾವ, ಎಂದರೆ ಹೆಂಡತಿಯ ತಂದೆ, ಗಡಿಯಾರ ರಿಪೇರಿಯವರು. ಯಾವ ವಸ್ತು ಮನೆಗೆ ಬಂದರೂ ಮೊದಲು ಸ್ಕ್ರೂ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಒಳಗೆ ಇಣುಕದೆ ಅದನ್ನು ಬಳಸಿದವರಲ್ಲ. ಮದುವೆಗೆ ಮುಂಚೆ ಅಳಿಯನನ್ನೂ ಸುಮಾರು ಹಾಗೆಯೇ ನೋಡಿದ್ದರು.

ಗುಮಾಸ್ತ ನೇರ ಗೋದಾಮಿಗೆ ಇಳಿದು ಹೋಗಿ ವಿಚಾರಿಸಿದ. ಗೋದಾಮಿನ ಮೇಲ್ವಿಚಾರಕರು ಚಹಾ ಕುಡಿಯುತ್ತಿದ್ದರು. ಮುಚ್ಚಿಡುವಂಥದ್ದು ಏನಿದೆ ಎನ್ನುವ ಹಾಗೆ ಎಲ್ಲ ವಿವರಿಸಿದರು. ಎಷ್ಟು ಯಂತ್ರ ತಯಾರಿಸಬೇಕು ಎಂದು ಗೊತ್ತಾಗಲು ಕಾರ್ಖಾನೆಯವರು ಗ್ರಾಹಕರ ಪ್ರತಿಕ್ರಿಯೆಗೆ ಕಾಯುತ್ತಿದ್ದರಂತೆ. ಪ್ರತಿಕ್ರಿಯೆ ಬರಬೇಕಾದರೆ ಯಂತ್ರ ಮಾರಬೇಕು. ಬಿಡುಗಡೆಯ ದಿನ ಬಂದೇ ಬಿಟ್ಟಿತು.

"ಪೆಟ್ಟಿಗೆ ಬಂತು, ಯಂತ್ರ ಬರಲಿಲ್ಲ. ಖಾಲಿ ಪೆಟ್ಟಿಗೆ ಕಳಿಸೋಕಾಗುತ್ತೇನ್ರೀ? ಹೋದ ವರ್ಷದ್ದು ಸಾಲುಸಾಲಾಗಿ ಬಿದ್ದಿತ್ತು, ತುಂಬಿ ಕಳಿಸಿದೆ," ಎಂದರು.

"ಎಲ್ಲರಿಗೂ?"

"ಭೇದಭಾವ ಮಾಡೋ ಅಭ್ಯಾಸ ನನಗಿಲ್ಲ," ಎಂದು ಅವರು ಲೋಟ ಕೆಳಗಿಟ್ಟರು.

ಅಂಚಿನಲ್ಲಿ ಬರೆದ ನಮೂನೆಯನ್ನು ಮ್ಯಾನೇಜರ ಮುಂದೆ ಇಡಬೇಕೆಂಬುದು ನಿಯಮ. ಇಟ್ಟ. ವಕೀಲರ ಬೆರಳು, ದರ್ಜಿಯ ಭುಜ, ಅತ್ತೆ ಸೊಸೆಯರ ರಾಜಿ ಎಲ್ಲವೂ ಹೋದ ವರ್ಷದ ಯಂತ್ರದಿಂದಲೇ ಆದದ್ದೆಂದೂ, ಅಂಚಿನಲ್ಲಿ ಬರೆದವರು ತನ್ನ ಮಾವನೆಂದೂ ಗುಮಾಸ್ತ ತೊದಲುತ್ತಾ ಹೇಳಿ ಮುಗಿಸಿದ. ಇನ್ನು ಕಂಪನಿಯ ಮರ್ಯಾದೆ ಮೂರು ಕಾಸಿಗೆ ಹೋಯಿತು ಎಂದುಕೊಂಡ. ಮ್ಯಾನೇಜರು ಡಬ್ಬಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಮೇಲಿನ ಮಹಡಿಗೆ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಸಭೆ ಸೇರಿತು. ಗುಮಾಸ್ತನನ್ನೂ ಕರೆದರು, ಸ್ಟೂಲಿನ ಸಮೇತ.

ಸಭೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಕಂಪನಿಯ ಮುಖ್ಯಸ್ಥರು ಅಂಕಿ ಅಂಶ ನೋಡಿ, ಯಂತ್ರ ಬದಲಾಗದೆಯೇ ಗ್ರಾಹಕರಿಗೆ ವೇಗ ಹೆಚ್ಚಿದೆ ಎಂದಾದರೆ ಸುಧಾರಣೆ ಆಗಿರುವುದು ಗ್ರಾಹಕರಲ್ಲೇ, ಅದು ಇನ್ನೂ ದೊಡ್ಡ ಸಾಧನೆ ಎಂದರು. ಕಾನೂನು ವಿಭಾಗದವರು ತಮ್ಮ 'ಸ್ವಲ್ಪ' ಈಗ ಉಪಯೋಗಕ್ಕೆ ಬಂತು ನೋಡಿ ಎಂದು ಬೀಗಿದರು. ಕೊನೆಗೆ ಒಂದು ಠರಾವು ಅಂಗೀಕಾರವಾಯಿತು: 'ಇನ್ನು ಮುಂದೆ ಸುಧಾರಣೆಗಳನ್ನು ಪೆಟ್ಟಿಗೆಯ ಮಟ್ಟದಲ್ಲಿ ಕೈಗೊಳ್ಳತಕ್ಕದ್ದು. ಯಂತ್ರವನ್ನು ಅನಗತ್ಯವಾಗಿ ತೊಂದರೆಪಡಿಸತಕ್ಕದ್ದಲ್ಲ. ಸಂಶೋಧನಾ ವಿಭಾಗವನ್ನು ಮುದ್ರಣ ವಿಭಾಗದೊಂದಿಗೆ ವಿಲೀನಗೊಳಿಸತಕ್ಕದ್ದು.' ಹೊಸ ಮಾದರಿಯನ್ನು ಎರಡು ವರ್ಷ ಕೂತು ರೂಪಿಸಿದ ಎಂಜಿನಿಯರಮ್ಮ ಮೂಲೆಯಲ್ಲಿದ್ದರು. ಪೆಟ್ಟಿಗೆಯ ಮೇಲಿನ ಅಕ್ಷರ ಎಷ್ಟು ದಪ್ಪ ಇರಬೇಕು ಎಂದಷ್ಟೇ ಕೇಳಿ ಬರೆದುಕೊಂಡರು.

ಉಳಿದದ್ದು ಆ ಒಂದು ದೂರು. ಹತ್ತು ದಿನದೊಳಗೆ ಅದು ಸಂತೋಷವಾಗಬೇಕು ಎಂದು ಗುಮಾಸ್ತನಿಗೆ ಹೇಳಿ ಎದ್ದರು. ಬಾಗಿಲ ಹತ್ತಿರ ಮ್ಯಾನೇಜರು ಅವನ ಬೆನ್ನ ಮೇಲೆ ಕೈಯಿಟ್ಟು, ನಿಮ್ಮ ಕುರ್ಚಿ ಈಗ ನಿಮ್ಮ ಮಾವನವರ ಕೈಯಲ್ಲಿದೆ ಎಂದರು.

ಒಂಬತ್ತು ದಿನ ಅವನು ಮಾವನ ಅಂಗಡಿ ಇದ್ದ ಬೀದಿಯ ಕಡೆ ತಲೆ ಹಾಕಲಿಲ್ಲ. ಹತ್ತನೆಯ ದಿನ ಹೆಂಡತಿಯೇ ಹೊರಡಿಸಿ, ಜೊತೆಗೂ ಬಂದಳು. ಮಾವನ ಅಂಗಡಿ ಒಂದು ಬೀರು ಮಲಗಿಸಿದಷ್ಟು ಅಗಲ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲೂ ಒಂದೊಂದು ಹೊತ್ತು. ಕಂಪ್ಯೂಟರು ಮೂಲೆಯಲ್ಲಿ ಹೊಟ್ಟೆ ತೆರೆದುಕೊಂಡು ಕೂತಿತ್ತು. ಗುಮಾಸ್ತ ಹೊಸ ನಮೂನೆಯನ್ನು ಮೇಜಿನ ಮೇಲಿಟ್ಟು, ಬಂದ ಕಾರಣವನ್ನು ಸುತ್ತಿ ಬಳಸಿ ಹೇಳಿದ.

ಮಾವ ಭೂತಗನ್ನಡಿ ತೆಗೆಯದೆ ಕೇಳಿಸಿಕೊಂಡರು. "ನೋಡಿ ಅಳಿಯಂದ್ರೇ, ನಲವತ್ತು ವರ್ಷದಿಂದ ಈ ಮೇಜಿಗೆ ಕೂತಿದೀನಿ. ಒರೆಸಿ ಕೊಟ್ಟ ಗಡಿಯಾರಾನ ಹೊಸದು ಅಂತ ಯಾರಿಗೂ ಹೇಳಿಲ್ಲ. ಈಗ ನಿಮಗೋಸ್ಕರ ಹೇಳು ಅಂತೀರಾ?"

ಮಾವ ಹೇಳಿದ್ದು ಸರಿ ಎಂದು ಗುಮಾಸ್ತನಿಗೆ ಗೊತ್ತಿತ್ತು, ಅದೇ ತೊಂದರೆಯಾದದ್ದು. ಆಗ ಹೆಂಡತಿ ಅವನ ಭುಜ ಹಿಡಿದು ಅಪ್ಪನ ಕಡೆಗೆ ಬೆನ್ನು ತಿರುಗಿಸಿ ನಿಲ್ಲಿಸಿದಳು.

"ಅಪ್ಪಾ, ನೀನು ಯಂತ್ರ ಬಿಚ್ಚಿ ನೋಡಿದ್ಯಲ್ಲ. ಇದನ್ನ ಒಂದ್ಸಲ ನೋಡು," ಎಂದಳು.

ಮುದುಕರು ಎದ್ದು ಬಂದರು. ಸಣ್ಣ ಸಣ್ಣ ಹಲ್ಲುಚಕ್ರ ಹಿಡಿದು ಅಭ್ಯಾಸವಾದ ಬೆರಳಿನಿಂದ ಅಂಗಿಯ ಮೇಲೆಯೇ ಒಂದೊಂದು ಮೂಳೆಯನ್ನೂ ಮುಟ್ಟಿ ಮುಟ್ಟಿ ಕೆಳಗಿಳಿದರು. ಒಂದು ಕಡೆ ಬೆರಳು ನಿಂತಿತು. ಗುಮಾಸ್ತನ ಬಾಯಿಂದ ಸಣ್ಣಗೆ ನರಳಿಕೆ ಬಂತು. ಮಾವ ಹೋಗಿ ಕೂತು, ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಖಾಲಿ ಬಿಟ್ಟರೆ ಏನಂತ ಬರ್ಕೋತೀರಿ?"

"ಮಾತು ಹೊರಡದಷ್ಟು ಸಂತೋಷ ಅಂತ, ಮಾವ."

"ಮಾತಾಡಿದ್ರೆ ದೂರು, ಸುಮ್ಮನಿದ್ರೆ ಸಂತೋಷ. ಚೆನ್ನಾಗಿದೆ ನಿಮ್ಮ ಆಫೀಸು. ನಾನು ಸುಳ್ಳಂತೂ ಬರೆಯಲ್ಲ. ಸುಮ್ಮನಿರ್ತೀನಿ, ತಗೊಂಡ್ಹೋಗಿ."

ಕೆಳಗೆ ಸಹಿಯೊಂದನ್ನು ಹಾಕಿ ಕೊಟ್ಟರು. ಆಮೇಲೆ ಕಂಪ್ಯೂಟರಿನ ಮುಚ್ಚಳ ಕೂಡಿಸಿ, ಸ್ಕ್ರೂ ಬಿಗಿದು, ಮೇಲೊಂದು ಬಟ್ಟೆ ಹೊದಿಸಿದರು. ಅಳಿಯನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬಸ್ಸು ಬಂದು ಇಬ್ಬರಿಗೂ ಸೀಟು ಸಿಕ್ಕಿ, ಸೀಟಿಗೆ ಬೆನ್ನು ತಾಗಿದ ಮೇಲೆ ನಾಚಿಕೆ ಕೊಂಚ ಕಡಿಮೆಯಾಯಿತು.

ವರದಿಯಲ್ಲಿ ನೂರಕ್ಕೆ ನೂರು ಬಂತು. ಮ್ಯಾನೇಜರು ಮಾತಿಗೆ ತಪ್ಪುವವರಲ್ಲ, ಖಾಯಂ ಆದೇಶಕ್ಕೆ ಸಹಿ ಬಿತ್ತು. ಮರುದಿನ ಬೆಳಿಗ್ಗೆ ಗುಮಾಸ್ತ ಬರುವಷ್ಟರಲ್ಲಿ ಅವನ ಸ್ಟೂಲು ಜಾಗದಲ್ಲಿರಲಿಲ್ಲ. ತಪಾಸಣೆಗೆ ಹೋಗಿದೆ ಎಂದರು. ಹನ್ನೊಂದು ಗಂಟೆಯವರೆಗೆ ನಿಂತೇ ವಿಂಗಡಿಸಿದ. ನಿಲ್ಲುವುದೂ ಆವತ್ತು ಹಿತವಾಗಿತ್ತು.

ಹನ್ನೊಂದಕ್ಕೆ ಗೋದಾಮಿನ ಮೇಲ್ವಿಚಾರಕರು ಸ್ವತಃ ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿತ್ತು: 'ಖಾಯಂ ನೌಕರರ ಒರಗು ಕುರ್ಚಿ. ಹೊಸ ಮಾದರಿ. ಗಣನೀಯವಾಗಿ ಸ್ವಲ್ಪ ಒರಗಬಹುದು.' ಅಕ್ಷರ ಬಹಳ ಅಂದವಾಗಿತ್ತು, ಎಂಜಿನಿಯರಮ್ಮನ ಕೈಚಳಕ. ಇಡೀ ವಿಭಾಗ ಸುತ್ತ ನೆರೆಯಿತು. ಮ್ಯಾನೇಜರು ಕತ್ತರಿಯಿಂದ ಟೇಪು ಕತ್ತರಿಸಿದರು. ಪೆಟ್ಟಿಗೆಯ ಒಳಗಿಂದ ಹೊರಬಂದದ್ದರ ಅಂಚಿನಲ್ಲಿ, ಹನ್ನೊಂದು ವರ್ಷದ ಹಿಂದೆ ಬ್ಲೇಡು ಜಾರಿ ಮೂಡಿದ ಗೀರು ಹಾಗೆಯೇ ಇತ್ತು.

"ಕೂತ್ಕೊಳ್ಳಿ, ನೋಡೋಣ," ಎಂದರು ಮ್ಯಾನೇಜರು.

ಅವನು ಕೂತ. ಎಲ್ಲರೂ ನೋಡುತ್ತಿದ್ದುದರಿಂದ ಮೆಲ್ಲಗೆ ಹಿಂದಕ್ಕೆ ವಾಲಿದ. ವಾಲುತ್ತಾ ವಾಲುತ್ತಾ ಇನ್ನೇನು ಬಿದ್ದೇಹೋಗುತ್ತೇನೆ ಎನ್ನುವಲ್ಲಿ ಹೊಟ್ಟೆ ಬಿಗಿಹಿಡಿದು ಹಾಗೇ ತಡೆದುಕೊಂಡ. ಜನ ಚಪ್ಪಾಳೆ ತಟ್ಟಿದರು. ಆಹಾ, ಎಷ್ಟು ಆರಾಮಾಗಿ ಒರಗಿದ್ದಾರೆ ನೋಡಿ, ತಮಗೂ ಇಂಥದ್ದು ಬೇಕಿತ್ತು ಎಂದು ಪಕ್ಕದ ಮೇಜಿನವರು ನಿಜವಾಗಿಯೂ ಹೊಟ್ಟೆಕಿಚ್ಚು ಪಟ್ಟರು.

ಮ್ಯಾನೇಜರು ಒಂದು ಪ್ರತಿಕ್ರಿಯಾ ನಮೂನೆಯನ್ನು ಅವನ ಕೈಗೆ ಕೊಟ್ಟು, ಹೊಸ ಕುರ್ಚಿ ಪಡೆದವರು ಒಂದು ವಾರದೊಳಗೆ ತುಂಬಬೇಕು, ಇಲ್ಲದಿದ್ದರೆ ಖಾಯಂ ಆದೇಶಕ್ಕೆ ಗ್ಯಾರಂಟಿ ಇಲ್ಲ ಎಂದು ನೆನಪಿಸಿದರು. ಗುಮಾಸ್ತ ಪೆನ್ನು ತೆರೆದ. ಅದು ತಾನಾಗಿಯೇ ಅಂಚಿನ ಕಡೆಗೆ ಹೋಯಿತು. 'ಹಳೆಯ' ಎನ್ನುವುದರ ಮೊದಲ ಅಕ್ಷರಕ್ಕೆ ನಿಬ್ಬು ತಾಗಿಸಬೇಕು, ಅಷ್ಟರಲ್ಲಿ ಬೆನ್ನಿನಲ್ಲಿ, ಮಾವನ ಬೆರಳು ನಿಂತಿದ್ದ ಜಾಗದಲ್ಲೇ, ಛಳಕ್ ಎಂದಿತು.

ಪೆನ್ನು ಮುಚ್ಚಿದ. ಮತ್ತೆ ತೆರೆದು ಕೆಳಗೆ ಸಹಿ ಹಾಕಿ, ಮತ್ತೆ ಮುಚ್ಚಿದ. ಖಾಲಿ ನಮೂನೆಯನ್ನು ವಿಂಗಡಿಸುವ ಕೆಲಸ ಅವನದೇ ಆಗಿದ್ದುದರಿಂದ ಬೇರೆ ಯಾರನ್ನೂ ಕಾಯಬೇಕಾಗಲಿಲ್ಲ. ಮುಂದಕ್ಕೆ ಬಗ್ಗಿ ಅದನ್ನು ಮೂರನೆಯ ಟ್ರೇಗೆ ಹಾಕಿದ.