ಮಾವನ ಕಾರು, ಜೋಳದ ಚೀಲ, ತುಂಬಿದ ತಂಬಿಗೆ

ನಮ್ಮ ಸೋದರಮಾವನಿಗೆ ಭಾರವೆಂದರೆ ಆಗದು. ಹೊಸಪೇಟೆಯಲ್ಲಿ ಕಾರುಳ್ಳವರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ಇದ್ದ ಕಾರನ್ನು ಬಿಚ್ಚಿ ಬಿಚ್ಚಿ ಇಲ್ಲವೆನ್ನುವಂತೆ ಮಾಡಿದ ಏಕೈಕ ಮಹಾಪುರುಷ ಅವನು!

ಕಾರಣ ಸಣ್ಣದಲ್ಲ. ಅತ್ತೆ ಕಾಯಿಲೆ ಬಿದ್ದು ವರ್ಷವಾಗಿತ್ತು. ಸಂಡೂರಿನ ತವರನ್ನು ಒಮ್ಮೆ ನೋಡಬೇಕೆಂಬುದೊಂದೇ ಅವಳ ಆಸೆ. ಚಕ್ಕಡಿಯ ಕುಲುಕಾಟವನ್ನು ಅವಳ ಬೆನ್ನು ತಾಳದು. ಮಾವನ ಮುದಿ ಕಾರೋ, ಸಂಡೂರಿನ ಘಟ್ಟದ ಅರ್ಧಕ್ಕೇ ನಿಂತು ನಿಟ್ಟುಸಿರು ಬಿಡುತ್ತಿತ್ತು. ಭಾರ ಇಳಿಸಿದರೆ ಏರೀತೆಂದು ಮಾವ ಮೇಲ್ಛಾವಣಿ, ಬಾಗಿಲು, ಹಿಂದಿನ ಸೀಟು ಎಲ್ಲ ಕಿತ್ತು ಹಿತ್ತಿಲಿಗೆ ಹಾಕಿದ. ಸೀಟಿನ ಮೇಲೆ ಬೆಕ್ಕು ಮರಿ ಹಾಕಿತು.

ಅತ್ತೆಯಿಲ್ಲದೆ ಓಡಿಸಿ ನೋಡಿದಾಗ ಕಾರು ಘಟ್ಟವನ್ನೇನೋ ಏರಿತು. ಆದರೆ ಭಾರದ ಗಾಡಿಗೆಂದು ಮಾಡಿದ ಸ್ಪ್ರಿಂಗುಗಳ ಮೇಲೆ ಈಗ ಭಾರವೆಲ್ಲಿದೆ? ಸಣ್ಣ ಕಲ್ಲಿಗೂ ಆಡಿನ ಮರಿಯಂತೆ ನೆಗೆಯತೊಡಗಿತು. ಇನ್ನೊಂದು ದಿನ ಕಮಲಾಪುರದವರೆಗೆ ಹೋದಾಗ ನಾನು ಸೀಟಿನ ಮೇಲೆ ಕೂತದ್ದಕ್ಕಿಂತ ಗಾಳಿಯಲ್ಲಿ ಕೂತದ್ದೇ ಹೆಚ್ಚು!

ನೆಗೆತ ಅಡಗಿಸಲು ಮಾವ ಷಾಕ್ ಅಬ್ಸಾರ್ಬರ್ ತಂದ. ಮಿಸ್ತ್ರಿ ಸಾಬರು ನೋಡಿ ಹಣೆ ಚಚ್ಚಿಕೊಂಡರು.

"ಇವು ಲಾರಿಯವು ರೀ! ನಿಮ್ ಕಾರು ಮೊದ್ಲs ಉಪವಾಸ ಬಿದ್ದೈತಿ."

"ಗಟ್ಟಿ ಇದ್ದಷ್ಟೂ ಚಲೋ. ಹಾಕ್ರಿ ಸುಮ್ನ!"

ನೆಗೆತ ನಿಂತಿತು. ಸ್ಪ್ರಿಂಗು ಅಲುಗಾಡುವುದನ್ನೂ ನಿಲ್ಲಿಸಿತು. ರಸ್ತೆಯ ಪ್ರತಿಯೊಂದು ಕಲ್ಲೂ ಈಗ ನೇರವಾಗಿ ನನ್ನ ಬೆನ್ನುಮೂಳೆಯೊಂದಿಗೆ ಮಾತಾಡತೊಡಗಿತು.

ಕಡೆಗೆ ಮಿಸ್ತ್ರಿಯೇ ಮದರಾಸಿನಿಂದ ಹಗುರ ಜೋಡಿ ತರಿಸಿದರು. ನಡುವಿನ ನಟ್ಟು ಬಿಗಿದರೆ ಗಡಸು, ಸಡಿಲಿಸಿದರೆ ಮೆದು. "ಕುಂದ್ರೋರ ತೂಕ ನೋಡಿ ತಿರುವ್ರಿ. ಹೆಚ್ಚಿದ್ರ ಬಿಗಿ, ಕಮ್ಮಿ ಇದ್ರ ಸಡ್ಲ" ಎಂದರು. ಇಷ್ಟು ಸಾಕಾಯಿತು! ಮಾವ ಭತ್ತದ ತಕ್ಕಡಿ ತಂದು ಅತ್ತೆಯನ್ನು ಕೂರಿಸಿದ.

"ನನ್ನ ಮಾರಾಕ ಹೊಂಟೀರೇನ್ರಿ?"

"ಕೊಳ್ಳೋರು ಸಿಗಬೇಕಲ್ಲ!"

ಅವಳ ತೂಕದಷ್ಟು ಜೋಳದ ಚೀಲ ಅವಳ ಸೀಟಿಗೆ. ಚೀಲದ ಮೇಲೆ ಕಂಠಮಟ್ಟ ಮಜ್ಜಿಗೆ ತುಂಬಿದ ತಂಬಿಗೆ. ಮಜ್ಜಿಗೆ ಕಾಯಲು ಫುಟ್‌ಬೋರ್ಡಿನ ಮೇಲೆ ನಾನು! ವಾರಕ್ಕೊಮ್ಮೆ ಕಂಪ್ಲಿಗೆ ಹೋಗುವುದು, ಚೆಲ್ಲಿದ್ದನ್ನು ನೋಡಿ ನಟ್ಟು ತಿರುವುವುದು. ದಾರಿಯವರು, "ಚೀಲಕ್ಕ ಸೀಟು, ಅಳಿಯಗ ಗಾಳಿ!" ಎಂದು ನಕ್ಕರು. ಎರಡು ತಿಂಗಳು ನನ್ನ ಧೋತರ ಹುಳಿನಾತ ಬಿಡಲಿಲ್ಲ.

ಒಂದು ವಾರ ಒಂದು ಹನಿಯೂ ಚೆಲ್ಲಲಿಲ್ಲ. "ನಾಳೆನs ಸಂಡೂರು!" ಎಂದ ಮಾವ, ಯಾವುದಕ್ಕೂ ಇರಲೆಂದು ತಕ್ಕಡಿಯ ಒಂದು ಕಡೆ ಅತ್ತೆಯನ್ನು, ಇನ್ನೊಂದು ಕಡೆ ಅದೇ ಚೀಲವನ್ನು ಇಟ್ಟ. ಚೀಲ ನೆಲ ಕಚ್ಚಿತು.

ಮಾವ ಚೀಲದಿಂದ ಒಂದು ಬೊಗಸೆ ಜೋಳ ತೆಗೆದ. ಇನ್ನೊಂದು. ಮತ್ತೊಂದು. ತಕ್ಕಡಿ ಸಮವಾಗುವ ಹೊತ್ತಿಗೆ ನೆಲದ ಮೇಲೆ ದೊಡ್ಡ ರಾಶಿ. ಅತ್ತೆ ಅದನ್ನೇ ನೋಡುತ್ತಿದ್ದಳು. ಮಾವ ಸ್ಪ್ಯಾನರು ಹಿಡಿದು ಕಾರಿನ ಕೆಳಗೆ ತೂರಿ ನಟ್ಟು ಸಡಿಲಿಸಿದ. ಕೆಲಸ ಮುಗಿದ ಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಘಟ್ಟದುದ್ದಕ್ಕೂ ಅತ್ತೆ ಒಮ್ಮೆಯೂ ನರಳಲಿಲ್ಲ. ತವರಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ಮಾವ ಅವಳ ತಾಯಿಯ ಮುಂದೆ ಕೈಕಟ್ಟಿ ನಿಂತ.

"ದಿನಾ ತುಪ್ಪ ಹಾಕ್ರಿ ಈಕಿಗೆ. ಕರಕೊಂಡು ಹೋಗುವಾಗ ಆ ನಟ್ಟು ನಾ ಮತ್ತ ಬಿಗಿ ಮಾಡಬೇಕು."