ಅಕ್ಕೋರ ಚುನಾವಣಾ ಡ್ಯೂಟಿ

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಶಾಲೆಗೆ ಮೊದಲು ಬರುವುದು ಡ್ಯೂಟಿ ಆರ್ಡರ್. ವಿಧಾನಸಭೆಯಿರಲಿ, ಪಂಚಾಯ್ತಿಯಿರಲಿ, ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಕಲಿಸುವ ಅಕ್ಕೋರಾದ ನನ್ನ ಹೆಸರು ಅದರಲ್ಲಿ ಇದ್ದೇ ಇರುತ್ತದೆ. ಪ್ರತಿ ಸಲವೂ ನಿಯಮಗಳ ಪುಸ್ತಕ ಓದಿಕೊಂಡೇ ಹೋಗುತ್ತೇನೆ. ಅದರಲ್ಲಿ ಬರೆದಿಲ್ಲದ್ದೇ ಎದುರಿಗೆ ಬಂದು ನಿಲ್ಲುತ್ತದೆ.

ಅಣಕು ಮತದಾನ

ಹೋದ ವಿಧಾನಸಭೆ ಚುನಾವಣೆಯಲ್ಲಿ ತಾವರಗೇರಾ ಹತ್ತಿರದ ಒಂದು ಊರಿನ ಮತಗಟ್ಟೆ ನನ್ನ ಪಾಲಿಗೆ ಬಂತು. ಜನ ಬರುವ ಮುಂಚೆ, ಯಂತ್ರ ಸರಿಯಿದೆಯೇ ಎಂದು ತೋರಿಸಲು ಅಭ್ಯರ್ಥಿಗಳ ಏಜೆಂಟರ ಎದುರಿಗೇ ಅಣಕು ಮತದಾನ ಮಾಡಬೇಕು. ಎಲ್ಲರ ಗುಂಡಿಯನ್ನೂ ಸಮನಾಗಿ ಒತ್ತಿ, ಎಣಿಸಿ ತೋರಿಸಿ, ಆಮೇಲೆ ಎಲ್ಲವನ್ನೂ ಅಳಿಸುವುದು.

ಪಕ್ಷೇತರ ಅಭ್ಯರ್ಥಿಯೊಬ್ಬನ ಪರವಾಗಿ ಅವನ ಸೋದರಮಾವ ಬಂದು ಕೂತಿದ್ದರು. ಎಲ್ಲರಿಗೂ ಐದೈದು ಮತ ಬಂದದ್ದನ್ನು ಎರಡು ಸಲ ಓದಿಸಿಕೊಂಡರು. ನಾನು ಅಳಿಸಲು ಕೈಹಾಕಿದಾಗ ಎದ್ದು ನಿಂತರು.

"ಅಕ್ಕೋರ, ಅಳಸಾಕ ಬೇಕೇನ್ರಿ?"

"ಹೌದ್ರಿ, ಇದು ಸುಳ್ಳು ಮತದಾನ. ಖರೇದು ಇನ್ನ ಮುಂದೈತಿ."

"ಇದನ್ನ ಹಂಗ ಬಿಡ್ರಿ," ಎಂದರು ತಣ್ಣಗೆ. "ನಮ್ಮ ಹುಡುಗ ಎಲ್ಲಾರ ಸರಿಸಮ ನಿಂತಿದ್ದು ಇದೊಂದ ಸಲರಿ."

ಶಾಯಿ

ಅದೇ ಮತಗಟ್ಟೆಗೆ ಮಧ್ಯಾಹ್ನ ಅತ್ತೆ, ಸೊಸೆ ಇಬ್ಬರೂ ಕೂಡಿ ಬಂದರು. ಅತ್ತೆ ಶಾಯಿ ಹಚ್ಚಿಸಿಕೊಂಡು, ಮತ ಹಾಕಿ ಹೊರಗೆ ಹೋದರು. ಸೊಸೆ ಮಾತ್ರ ಶಾಯಿ ಹಚ್ಚಿದ ಮೇಲೂ ಚಾಚಿದ ಬೆರಳನ್ನು ಹಿಂದಕ್ಕೆ ತೆಗೆಯಲಿಲ್ಲ.

"ನಮ್ಮತ್ತಿಗೆ ಉದ್ದಕ ಗೆರಿ ಎಳದೀರಿ. ನಂದು ಬರೇ ಚುಕ್ಕಿ ಆತು."

"ಅದು ಗುರುತಿಗೆ ಅಷ್ಟನವ್ವ," ಎಂದೆ. "ಅತ್ತಿದಿರಲಿ, ಸೊಸಿದಿರಲಿ, ವೋಟಿನ ಕಿಮ್ಮತ್ತು ಒಂದ."

ಅವಳು ಬಾಗಿಲ ಕಡೆ ನೋಡಿದಳು. "ಹೊರಗ ನಿಂತಾರ್ರಿ. ಆ ಮಾತು ಅವರಿಗೊಂದಿಷ್ಟು ಹೇಳ್ರಿ."

ಬೇಕು, ಬೇಡ

ಇದು ನಮ್ಮ ಶಾಲೆಯ ಊರಿನ ಗ್ರಾಮಸಭೆಯಲ್ಲಿ ನಡೆದದ್ದು. ಗುರುವಾರದ ಸಂತೆಯನ್ನು ಭಾನುವಾರಕ್ಕೆ ಬದಲಿಸಬೇಕೋ ಬೇಡವೋ, ಊರೇ ತೀರ್ಮಾನಿಸಲಿ ಎಂದಾಯಿತು. ಚುನಾವಣೆ ಮಾಡಿಸಿ ಅನುಭವವಿದೆಯೆಂದು ಕೈ ಎಣಿಸುವ ಕೆಲಸ ನನಗೆ ಬಂತು. 'ಬೇಕು' ಅನ್ನುವವರ ಕೈ ಎಣಿಸಿದೆ, 'ಬೇಡ' ಅನ್ನುವವರ ಕೈ ಎಣಿಸಿದೆ. ಎರಡನ್ನೂ ಕೂಡಿಸಿದರೆ ಕೂತಿದ್ದ ಜನಕ್ಕಿಂತ ಕೈಗಳೇ ಹೆಚ್ಚು.

ಮುಂದಿನ ಸಾಲಿನಲ್ಲಿದ್ದ ಅಜ್ಜನನ್ನು ಕೇಳಿದೆ. "ಎರಡೂ ಸಲ ಕೈ ಎತ್ತಿದ್ರಲ್ರಿ?"

"ಬೇಕು ಅನ್ನೋರಾಗ ನಮ್ಮ ಬೀಗರು ಕುಂತಾರ. ಬೇಡ ಅನ್ನೋರಾಗ ನಮ್ಮಣ್ಣ ಕುಂತಾನ. ಯಾರನ್ನ ಬಿಡ್ಲಿ?"

"ಅವರದಿರ್ಲಿ. ನಿಮ್ಮ ಮನಸಿನಾಗ ಏನೈತಿ, ಅದನ್ನ ಹೇಳ್ರಿ."

"ನಾ ಸಂತಿಗೆ ಹೋಗೂದ ಇಲ್ಲವ್ವ."

ರಟ್ಟಿನ ಮರೆ

ನಡೆದು ಬರಲಾರದ ಹಿರಿಯರ ಮನೆಗೇ ಹೋಗಿ ಮತ ಹಾಕಿಸಿಕೊಂಡು ಬರುವ ಪದ್ಧತಿ ಈಗ ಬಂದಿದೆ. ಯಲಬುರ್ಗಾ ತಾಲ್ಲೂಕಿನ ಒಂದು ಮನೆಗೆ ನಾನು, ವಿಡಿಯೋ ತೆಗೆಯುವವರು, ಒಬ್ಬ ಪೊಲೀಸ್ ಹೋದೆವು. ಅಜ್ಜ, ಅಜ್ಜಿ ಇಬ್ಬರ ಹೆಸರೂ ಪಟ್ಟಿಯಲ್ಲಿತ್ತು. ಕಾಳಿನ ಡಬ್ಬದ ಮೇಲೆ ರಟ್ಟಿನ ಮರೆ ನಿಲ್ಲಿಸಿದೆವು. ಅಜ್ಜ ಮೊದಲು ಗುರುತು ಹಾಕಿ, ಮತಪತ್ರ ಮಡಚಿ ಲಕೋಟೆಯಲ್ಲಿಟ್ಟು ಕೊಟ್ಟರು. ಅಜ್ಜಿಯ ಸರದಿ ಬಂದಾಗ ಅವರೂ ಕೋಲೂರಿಕೊಂಡು ಅವಳ ಪಕ್ಕಕ್ಕೇ ಹೋದರು.

"ನೀವು ದೂರ ನಿಲ್ರಿ ಅಜ್ಜಾರ," ಎಂದೆ.

"ನಾ ಏನು ಹೊರಗಿನವನೇನ್ರಿ? ಲಗ್ನ ಆದಾಗಿಂದ ಆಕಿ ನಾ ಹೇಳಿದ್ದಕ್ಕ ಹಾಕ್ಯಾಳ."

"ಇದೊಂದು ನಿಮಿಷ ಹೊರಗಿನವರ ಆಗ್ರಿ."

ಅಜ್ಜ ಮುಖ ಗಂಟಿಕ್ಕಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತರು. ಅಜ್ಜಿ ಮರೆಯ ಹಿಂದೆ ಕೂತವಳು ಏಳಲೇ ಇಲ್ಲ. ಓದಲು ಬಾರದೇನೋ ಎಂದು ನನಗೆ ಚಿಂತೆಯಾಯಿತು.

"ಚಿಹ್ನಿ ತಿಳೀಲಿಲ್ಲೇನಬೇ?" ದೂರದಿಂದಲೇ ಕೇಳಿದೆ.

"ತಿಳದೈತಿ. ಹಾಕಿದ್ದೂ ಆತು," ಎಂದಳು ಮೆಲ್ಲಗೆ. "ಛಲೋ ಅನಸಾಕತ್ತೈತಿ. ಇನ್ನೊಂದೀಟು ಕುಂದರ್ತೀನಿ ತಡಿಯವ್ವ."

ನಾನು ಕಾದೆ. ಕೊನೆಗೆ ಅವಳು ಲಕೋಟೆ ತಾನೇ ಅಂಟಿಸಿ ಕೊಟ್ಟಳು. ಅಜ್ಜ ಒಳಗೆ ಬಂದರು.

"ಯಾವುದಕ್ಕ ಹಾಕಿದಿ?"

"ಪೊಲೀಸರು ನಿಂತಾರ. ಹೇಳಬಾರದಂತ."

"ಆತು, ಅವರು ಹೋದ ಮ್ಯಾಲೆ ಹೇಳು."

ಅಜ್ಜಿ ನಮ್ಮ ಪೊಲೀಸಪ್ಪನ ಕಡೆ ತಿರುಗಿದಳು. "ತಮ್ಮಾ, ಎಣಿಕಿ ಆಗೂತನಕ ನಮ್ಮನ್ಯಾಗ ಇರ್ತೀಯೇನು? ರೊಟ್ಟಿ ನಾ ಮಾಡಿ ಹಾಕ್ತೀನಿ."