ಗಿಡ್ಡ ಗೋಪುರದ ಜಗಳ

"ವಿನಯಾನೂ ಇಲ್ಲ, ಮಣ್ಣೂ ಇಲ್ಲ. ಅದು ಜಗಳ," ಎಂದಳು ಹೆಂಡತಿ, ಹೂವಿನ ಬಕೆಟ್ಟನ್ನು ಚರ್ಚಿನ ಮೆಟ್ಟಿಲ ಮೇಲೆ ಕುಕ್ಕಿ.

ಆ ಹಳೆಯ ಚರ್ಚು ನೋಡಲು ಬಂದವರಿಗೆ ವಿವರ ಹೇಳುವ ಗೈಡು ಅವಳ ಗಂಡ. ಅವಳು ಪೀಠಕ್ಕೆ ಹೂವು ಜೋಡಿಸುವವಳು. ಮುಂಭಾಗದಲ್ಲಿ ಬಣ್ಣದ ಗಾಜಿನ ದುಂಡು ಕಿಟಕಿ, ಅದರ ಆಚೀಚೆ ಎರಡು ಗಂಟೆಗೋಪುರ. ಎಡಗಡೆಯದು ಒಂದಾಳೆತ್ತರ ಗಿಡ್ಡ. ದೇವರ ಮುಂದೆ ಮನುಷ್ಯ ಬೀಗಬಾರದೆಂದು ಹಿರಿಯರು ಬೇಕೆಂದೇ ಹಾಗೆ ಬಿಟ್ಟರು ಎಂದು ಅವನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ. ಕೇಳಿದವರು ಒಂದು ಕ್ಷಣ ತಲೆ ತಗ್ಗಿಸುತ್ತಿದ್ದರು. ಅದು ಅವನಿಗೆ ಇಷ್ಟ.

ಅವಳು ಹೇಳುವುದೇ ಬೇರೆ. ಗಿಡ್ಡ ಗೋಪುರ ಕಟ್ಟಿದ್ದು ಅವಳ ಮುತ್ತಜ್ಜ, ಬಲಗಡೆಯದನ್ನು ಅವನ ತಮ್ಮ. ಅರ್ಧ ಕೆಲಸದಲ್ಲಿ ಮನೆ ಪಾಲಿನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟರು. ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ.

ಗಂಡ: ಎಷ್ಟು ಎತ್ತರ ಅಂತ ಒಬ್ರನ್ನೊಬ್ರು ಕೇಳ್ಬಾರದಿತ್ತಾ?

ಹೆಂಡತಿ: ಮಾತೇ ಬಿಟ್ಟಿದ್ರು ಅಂದೆನಲ್ಲ.

ಗಂಡ: ಕಣ್ಣೂ ಬಿಟ್ಟಿರ್ಲಿಲ್ವಾ?

ಹೆಂಡತಿ: ತಮ್ಮನ ಕಡೆ ಅಣ್ಣ ಮುಖ ಎತ್ತಿ ನೋಡ್ತಿರ್ಲಿಲ್ಲ. ಅಷ್ಟು ಸ್ವಾಭಿಮಾನ.

ಗಂಡ: ಪಾದ್ರಿಗಳು ಏನು ಮಾಡ್ತಿದ್ರು?

ಹೆಂಡತಿ: ರಾಜಿ ಮಾಡಿಸ್ತಿದ್ರು. ಅಷ್ಟರಲ್ಲಿ ಗಾರೆ ಒಣಗಿತ್ತು.

ಗಂಡ ಕನ್ನಡಕ ಒರೆಸಿಕೊಂಡ.

ಗಂಡ: ಅಲ್ವೇ, ಬಂದೋರ ಮುಂದೆಲ್ಲ ನಿಮ್ಮ ಮನೆತನದ ಮಾನ ಹರಾಜು ಹಾಕ್ಲಾ?

ಹೆಂಡತಿ: ಕಟ್ಟಿದೋರ ಸುಳಿವೇ ಇಲ್ಲದ ಹಾಗೆ ಮಾಡಿದೀರಲ್ಲ, ಅದಕ್ಕಿಂತ ವಾಸಿ. ಇದ್ದದ್ದು ಇದ್ದಹಾಗೆ ಹೇಳಿ.

ಅಷ್ಟು ಹೊತ್ತಿಗೆ ಒಂದು ಗುಂಪು ಬಂದು ಮೆಟ್ಟಿಲ ಕೆಳಗೆ ನಿಂತಿತು. ಗಂಡ ಇದ್ದದ್ದು ಇದ್ದಹಾಗೆ ಹೇಳಿದ. ಮನೆ ಪಾಲು, ಮಾತು ಬಿಟ್ಟದ್ದು, ಒಣಗಿದ ಗಾರೆ, ಒಂದನ್ನೂ ಬಿಡಲಿಲ್ಲ. ಯಾರೂ ತಲೆ ತಗ್ಗಿಸಲಿಲ್ಲ. ಇಬ್ಬರು ಕಿಸಕ್ಕನೆ ನಕ್ಕರು. ಕೊಡೆ ಹಿಡಿದ ಮುದುಕರೊಬ್ಬರು, ಹಾಗಾದರೆ ಅಳತೆ ತಪ್ಪಿದ್ದು ಈ ಗಿಡ್ಡ ಗೋಪುರದವನೇ ತಾನೆ ಎಂದು ಕೇಳಿದರು.

ಗಂಡ ಬಹಳ ಮರ್ಯಾದೆಯಿಂದ ಹೆಂಡತಿಯ ಕಡೆ ಕೈ ತೋರಿಸಿ, ಇವರು ಅವರ ಮರಿಮಗಳು, ಇವರನ್ನೇ ಕೇಳಿ ಎಂದ.

ಹೆಂಡತಿ ಬಕೆಟ್ಟು ಎತ್ತಿಕೊಂಡಳು.

"ಇದು ಸರಿಯಾಗೇ ಇದೆ," ಎಂದಳು. "ಅದು ಹೆಚ್ಚಾಯ್ತು."

ಗುಂಪೆಲ್ಲ ಕತ್ತೆತ್ತಿ ಬಲಗಡೆಯ ಗೋಪುರ ನೋಡಿತು. ಗೈಡೂ ನೋಡಿದ. ತುಸು ಹೆಚ್ಚೇ ಆಗಿತ್ತು.